ಒಂದೇ ಸೆಕೆ, ಎರಡು ಬಡಾವಣೆ: 1995ರ ಚಿಕಾಗೋ ಸಾವುಗಳ ಪ್ರಕರಣ

1995ರ ಜುಲೈ 14ರಿಂದ 20ರವರೆಗೆ, ಒಂದೇ ವಾರದಲ್ಲಿ, ಅಮೆರಿಕದ ಚಿಕಾಗೋ ನಗರದಲ್ಲಿ ಮಾಮೂಲಿ ಲೆಕ್ಕಕ್ಕಿಂತ 739 ಜನ ಜಾಸ್ತಿ ಸತ್ತರು. ಕಾರಣ ಸೆಕೆ. ಆ ಸೆಕೆ ಇಡೀ ಊರಿಗೆ ಒಂದೇ ಆಗಿತ್ತು, ಆದರೆ ಸಾವು ಮಾತ್ರ ಬಡಾವಣೆ ನೋಡಿಕೊಂಡು ಬಂತು. ಪಕ್ಕಪಕ್ಕದಲ್ಲೇ ಇರುವ, ಎರಡೂ ಬಡವರೇ ಇರುವ ಎರಡು ಬಡಾವಣೆಗಳು. ಒಂದರಲ್ಲಿ ಲಕ್ಷಕ್ಕೆ 40 ಜನ ಹೋದರು, ಇನ್ನೊಂದರಲ್ಲಿ ಲಕ್ಷಕ್ಕೆ 4.

ಹತ್ತು ಪಟ್ಟು ವ್ಯತ್ಯಾಸ ಎಲ್ಲಿಂದ ಬಂತು ಅನ್ನುವುದೇ ಈ ಪ್ರಕರಣ.

ಮೊದಲು ಸೆಕೆಯ ವಿಷಯ ಮುಗಿಸೋಣ. ಜುಲೈ 13ರಂದು ಅಲ್ಲಿನ ಮಿಡ್‌ವೇ ವಿಮಾನ ನಿಲ್ದಾಣದಲ್ಲಿ 106 ಡಿಗ್ರಿ ಫ್ಯಾರನ್‌ಹೀಟ್ ದಾಖಲಾಯಿತು, ಅಂದರೆ ನಮ್ಮ ಲೆಕ್ಕದಲ್ಲಿ 41 ಡಿಗ್ರಿ. ರಾಯಚೂರಿನವರು ಇದನ್ನು ಕೇಳಿ ನಕ್ಕರೂ ನಗಬಹುದು, ಮೇ ತಿಂಗಳಲ್ಲಿ ಅವರಿಗೆ ಅದು ದಿನದ ಮಾತು. ಆದರೆ ಅಲ್ಲಿ ಗಾಳಿಯಲ್ಲಿ ತೇವ ವಿಪರೀತ ಇತ್ತು, ಮಂಗಳೂರಿನ ಬೆವರಿಗೆ ರಾಯಚೂರಿನ ಬಿಸಿಲು ಸೇರಿದ ಹಾಗೆ, ಹಾಗಾಗಿ ಮೈಗೆ ತಟ್ಟುತ್ತಿದ್ದ ಧಗೆ 50 ಡಿಗ್ರಿಯ ಆಸುಪಾಸಿನದು. ರಾತ್ರಿಯೂ ಇಳಿಯಲಿಲ್ಲ. 26, 27 ಡಿಗ್ರಿಯಲ್ಲೇ ನಿಂತಿತು. ಹಗಲು ಬಿಸಿಯಾದ ಮೈ ರಾತ್ರಿ ತಣ್ಣಗಾಗಬೇಕು, ಅದಕ್ಕೆ ಅವಕಾಶ ಸಿಗದೆ ಎರಡು ಮೂರು ದಿನ ಕಳೆದರೆ ವಯಸ್ಸಾದವರ ಹೃದಯ, ಮೂತ್ರಪಿಂಡ ಸೋಲುತ್ತವೆ. ಜೊತೆಗೆ ಚಿಕಾಗೋ ಚಳಿಯ ಊರು. ಮನೆಗಳನ್ನು ಕಟ್ಟಿರುವುದೇ ಬಿಸಿ ಹೊರಗೆ ಹೋಗದಿರಲಿ ಅಂತ. ಇಟ್ಟಿಗೆ ಗೋಡೆ, ಮೇಲೆ ಟಾರು ಹಚ್ಚಿದ ಮಾಡು. ಮೇಲಂತಸ್ತಿನ ಕೋಣೆ ಕಿಟಕಿ ಮುಚ್ಚಿಕೊಂಡರೆ ಹೊರಗಿಗಿಂತಲೂ ಜಾಸ್ತಿ ಕಾಯುತ್ತದೆ.

ಊರೂ ಕೈಕೊಟ್ಟಿತು. ಎಲ್ಲರೂ ಏಸಿ ಹಾಕಿದ್ದರಿಂದ ಸಾವಿರಾರು ಮನೆಗಳ ಕರೆಂಟ್ ಹೋಯಿತು. ಜನ ರಸ್ತೆ ಬದಿಯ ಫೈರ್ ಹೈಡ್ರೆಂಟ್‌ಗಳನ್ನು, ಅಂದರೆ ಬೆಂಕಿ ಆರಿಸಲು ಇಟ್ಟ ನೀರಿನ ಕೊಳಾಯಿಗಳನ್ನು, ತೆರೆದು ನೀರಲ್ಲಿ ನೆನೆದರು, ಅದರಿಂದ ಕೆಲವು ಕಡೆ ಮನೆಯ ನಲ್ಲಿಯಲ್ಲಿ ನೀರೇ ಬರದಾಯಿತು. ಇಪ್ಪತ್ತಕ್ಕೂ ಹೆಚ್ಚು ಆಸ್ಪತ್ರೆಗಳು ಜಾಗ ಇಲ್ಲ ಎಂದು ಆಂಬುಲೆನ್ಸ್‌ಗಳನ್ನು ವಾಪಸ್ ಕಳಿಸಿದವು. ಶವಾಗಾರ ತುಂಬಿ, ಮಾಂಸ ಸಾಗಿಸುವ ಶೀತಲ ಲಾರಿಗಳನ್ನು ತರಿಸಿ ಹೊರಗೆ ಸಾಲಾಗಿ ನಿಲ್ಲಿಸಬೇಕಾಯಿತು.

ತಪ್ಪು ಯಾರದು ಎಂಬ ಜಗಳ

ಚಿಕಾಗೋ ಸೇರಿರುವ ಕುಕ್ ಕೌಂಟಿ ಎಂಬ ಜಿಲ್ಲೆಯ ಮುಖ್ಯ ಶವಪರೀಕ್ಷಾಧಿಕಾರಿ ಎಡ್ಮಂಡ್ ಡೊನಹ್ಯೂ ಇವೆಲ್ಲ ಸೆಕೆಯ ಸಾವುಗಳೇ ಎಂದು ದಿನಾ ಲೆಕ್ಕ ಕೊಡುತ್ತಾ ಹೋದರು. ಮೇಯರ್ ರಿಚರ್ಡ್ ಎಂ. ಡೇಲಿ ಒಪ್ಪಲಿಲ್ಲ. ವಯಸ್ಸಾದವರು, ಕಾಯಿಲೆಯವರು ಹೇಗೂ ಸಾಯುತ್ತಾರೆ, ಎಲ್ಲವನ್ನೂ ಬಿಸಿಲಿನ ಖಾತೆಗೆ ಹಾಕಬೇಡಿ ಎಂಬ ಧಾಟಿ ಅವರದು. ಆಮೇಲೆ ಕೇಂದ್ರದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ ಬಂದು ಪರಿಶೀಲಿಸಿದಾಗ ಶವಪರೀಕ್ಷಾಧಿಕಾರಿಯ ಮಾನದಂಡವೇ ಸರಿ ಎಂದಾಯಿತು. ನಿಜ ಹೇಳಬೇಕೆಂದರೆ ಅವರ ಲೆಕ್ಕ ಕಡಿಮೆಯೇ ಇತ್ತು. ಹಿಂದಿನ ವರ್ಷಗಳ ಅದೇ ವಾರದ ಜೊತೆ ಹೋಲಿಸಿದಾಗ ಬಂದದ್ದು ಈ 739.

ಆ ದಿನಗಳಲ್ಲಿ ಇನ್ನೊಂದು ಮಾತೂ ಕೇಳಿಬಂತು. ಸತ್ತವರು ತಮ್ಮ ಕಾಳಜಿ ತಾವೇ ಮಾಡಿಕೊಳ್ಳದವರು, ಸಹಾಯ ಮಾಡಲು ಹೋದರೆ ಬಾಗಿಲನ್ನೂ ತೆಗೆಯದವರು ಅಂತ. ಇದು ಅಧಿಕಾರಿಗಳ ಬಾಯಲ್ಲೇ ಬಂದದ್ದು. ಮೇಲ್ನೋಟಕ್ಕೆ ಪೂರ್ತಿ ಸುಳ್ಳೂ ಅಲ್ಲ. ಎಷ್ಟೋ ಮಂದಿ ನಿಜಕ್ಕೂ ಕಿಟಕಿ ತೆಗೆದಿರಲಿಲ್ಲ, ಕೆಲವರು ಕಿಟಕಿಗೆ ಮೊಳೆ ಹೊಡೆದು ಮುಚ್ಚಿದ್ದರು. ಏಸಿ ಇದ್ದವರಲ್ಲಿ ಕೆಲವರು ಬಿಲ್ಲಿಗೆ ಹೆದರಿ ಹಾಕಲಿಲ್ಲ. ನಾಲ್ಕು ಹೆಜ್ಜೆ ನಡೆದರೆ ತಣ್ಣಗಿನ ಜಾಗ ಸಿಗುತ್ತಿದ್ದರೂ ಹೋಗಲಿಲ್ಲ. ಸರಿ, ಇಷ್ಟು ಒಪ್ಪೋಣ. ಆದರೆ ಈ ಅಭ್ಯಾಸಗಳು ಒಂದು ಬಡಾವಣೆಯವರಿಗೆ ಮಾತ್ರ ಯಾಕಿದ್ದವು? ಅಧಿಕಾರಿಗಳು ಈ ಪ್ರಶ್ನೆ ಕೇಳಿಕೊಳ್ಳಲಿಲ್ಲ.

ಸಿಡಿಸಿ ಅಧ್ಯಯನವೂ ಕೇಳಲಿಲ್ಲ. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಅಧ್ಯಯನ ತುಂಬಾ ಒಳ್ಳೆಯದು, ಆದರೂ ಒಂದು ವಿಷಯ ಅದರ ಕಣ್ಣಿಗೆ ಬೀಳುವ ಹಾಗೇ ಇರಲಿಲ್ಲ. ಸತ್ತ 339 ಜನರ ಬಗ್ಗೆ ಅವರ ನೆಂಟರು, ಸ್ನೇಹಿತರು, ಅಕ್ಕಪಕ್ಕದವರನ್ನು ಮಾತಾಡಿಸಿ ಮಾಹಿತಿ ತೆಗೆದರು. ಅವರಿಗೆ ಜೋಡಿಯಾಗಿ ಬದುಕುಳಿದ 339 ಜನರನ್ನು ಆರಿಸಿದರು. 1996ರಲ್ಲಿ ಫಲಿತಾಂಶ ಪ್ರಕಟವಾಯಿತು. ಹಾಸಿಗೆ ಹಿಡಿದವರಿಗೆ, ದಿನಾ ಮನೆಯಿಂದ ಹೊರಗೆ ಕಾಲಿಡದವರಿಗೆ ಸಾವಿನ ಸಂಭವ ಹಲವು ಪಟ್ಟು ಜಾಸ್ತಿ. ಒಬ್ಬರೇ ಇರುವವರಿಗೆ ಎರಡು ಪಟ್ಟಿಗಿಂತ ಜಾಸ್ತಿ, ಕಟ್ಟಡದ ತೀರಾ ಮೇಲಂತಸ್ತಿನವರಿಗೆ ನಾಲ್ಕು ಪಟ್ಟಿಗಿಂತ ಜಾಸ್ತಿ. ಮನೆಯಲ್ಲಿ ಏಸಿ ಇದ್ದರೆ, ಓಡಾಡಲು ವಾಹನದ ಅನುಕೂಲ ಇದ್ದರೆ, ಹತ್ತಿರದಲ್ಲಿ ಸ್ನೇಹಿತರಿದ್ದರೆ ಅಪಾಯ ಕಡಿಮೆ.

ಎಲ್ಲವೂ ಉಪಯೋಗದ ಮಾಹಿತಿಯೇ. ಆದರೆ ಬದುಕುಳಿದವರನ್ನು ಆರಿಸುವಾಗ ವಯಸ್ಸಿನ ಜೊತೆಗೆ ಬಡಾವಣೆಯನ್ನೂ ಹೊಂದಿಸಿಕೊಂಡಿದ್ದರು. ಸತ್ತವರು ಯಾವ ಬಡಾವಣೆಯವರೋ ಅವರ ಜೋಡಿಯೂ ಅದೇ ಬಡಾವಣೆಯವರು. ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಇದು ಸರಿಯಾದ ಕ್ರಮವೇ, ಒಬ್ಬೊಬ್ಬರ ನಡುವಿನ ವ್ಯತ್ಯಾಸ ಸ್ಪಷ್ಟವಾಗಿ ಕಾಣಲಿ ಅಂತ ಹಾಗೆ ಮಾಡುತ್ತಾರೆ. ಆದರೆ ಹಾಗೆ ಮಾಡಿದ ಮೇಲೆ ಬಡಾವಣೆಯಿಂದ ಏನು ವ್ಯತ್ಯಾಸವಾಯಿತು ಅನ್ನುವುದು ಲೆಕ್ಕದಿಂದಲೇ ಅಳಿಸಿಹೋಗುತ್ತದೆ. ‘ಹೊರಗೆ ಹೋಗದವರು ಸತ್ತರು’ ಎಂದು ಗೊತ್ತಾಯಿತು. ಅವರು ಯಾಕೆ ಹೊರಗೆ ಹೋಗಲಿಲ್ಲ?

ಉತ್ತರ ಲಾಂಡೇಲ್, ದಕ್ಷಿಣ ಲಾಂಡೇಲ್

ಆ ಪ್ರಶ್ನೆ ಹಿಡಿದು ಹೊರಟವರು ಎರಿಕ್ ಕ್ಲೈನೆನ್‌ಬರ್ಗ್ ಎಂಬ ಸಮಾಜಶಾಸ್ತ್ರಜ್ಞ, ಚಿಕಾಗೋದಲ್ಲೇ ಬೆಳೆದವರು. ನಗರದ ಪಶ್ಚಿಮ ಭಾಗದ ಈ ಎರಡು ಬಡಾವಣೆಗಳನ್ನು ಅವರು ಎದುರುಬದುರು ಇಟ್ಟು ನೋಡಿದರು. ಒಂಟಿಯಾಗಿ ಬದುಕುವ ವೃದ್ಧರ ಪ್ರಮಾಣ, ಬಡ ವೃದ್ಧರ ಪ್ರಮಾಣ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ. ಹವಾಮಾನವಂತೂ ಒಂದೇ ಬಿಡಿ. ಉತ್ತರ ಲಾಂಡೇಲ್‌ನಲ್ಲಿ ಸತ್ತವರು 19, ಲಿಟಲ್ ವಿಲೇಜ್ ಎಂದು ಎಲ್ಲರೂ ಕರೆಯುವ ದಕ್ಷಿಣ ಲಾಂಡೇಲ್‌ನಲ್ಲಿ 3.

ಉತ್ತರ ಲಾಂಡೇಲ್ ಒಂದು ಕಾಲಕ್ಕೆ ಗಿಜಿಗುಡುವ ಜಾಗ. ಅಂಗಡಿ ವ್ಯಾಪಾರದ ದೊಡ್ಡ ಕಂಪನಿ ಸಿಯರ್ಸ್‌ನ ಮುಖ್ಯ ಕಚೇರಿ ಅಲ್ಲಿತ್ತು. ಟ್ರಾಕ್ಟರ್ ಮಾಡುವ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಾರ್ಖಾನೆ ಹತ್ತಿರದಲ್ಲೇ, ಹತ್ತಾರು ಸಾವಿರ ಜನಕ್ಕೆ ಕೆಲಸ ಕೊಟ್ಟಿದ್ದ ವೆಸ್ಟರ್ನ್ ಎಲೆಕ್ಟ್ರಿಕ್ ಎಂಬ ಟೆಲಿಫೋನ್ ಸಾಮಗ್ರಿಯ ಕಾರ್ಖಾನೆ ಪಕ್ಕದ ಸಿಸೆರೋ ಊರಲ್ಲಿ. ಐವತ್ತರ ದಶಕದಲ್ಲಿ ಬಿಳಿಯರು ಮನೆ ಮಾರಿ ಹೊರಟರು, ಕಪ್ಪು ಜನರ ಕುಟುಂಬಗಳು ಬಂದವು. ಬ್ಯಾಂಕುಗಳು ಅವರಿಗೆ ಸಾಲ ಕೊಡುತ್ತಿರಲಿಲ್ಲ. ಹಾಗಾಗಿ ದಲ್ಲಾಳಿಗಳಿಂದ ಮನೆಯನ್ನು ದುಪ್ಪಟ್ಟು ಬೆಲೆಗೆ ಕಂತಿನಲ್ಲಿ ಕೊಳ್ಳಬೇಕಿತ್ತು, ಒಂದು ಕಂತು ತಪ್ಪಿದರೂ ಮನೆ, ಕಟ್ಟಿದ ದುಡ್ಡು ಎರಡೂ ಹೋಗುತ್ತಿತ್ತು. 1966ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಚಿಕಾಗೋದ ವಸತಿ ತಾರತಮ್ಯದ ವಿರುದ್ಧ ಚಳವಳಿ ಮಾಡಲು ಬಂದಾಗ ಬಾಡಿಗೆಗೆ ಹಿಡಿದದ್ದು ಇದೇ ಬಡಾವಣೆಯ ಒಂದು ಹಳೆಯ ಮನೆಯನ್ನು. 1968ರಲ್ಲಿ ಅವರ ಹತ್ಯೆಯಾದ ಮೇಲೆ ನಡೆದ ಗಲಭೆಯಲ್ಲಿ ಅಂಗಡಿ ಬೀದಿಗಳು ಸುಟ್ಟವು. ಬಹಳಷ್ಟು ಅಂಗಡಿಗಳು ಮತ್ತೆ ತೆರೆಯಲೇ ಇಲ್ಲ. ಹಾರ್ವೆಸ್ಟರ್ ಮುಚ್ಚಿತು, ಸಿಯರ್ಸ್ ಎಪ್ಪತ್ತರ ದಶಕದಲ್ಲಿ ನಗರದ ನಡುವಿನ ತನ್ನ ಹೊಸ ಗಗನಚುಂಬಿ ಕಟ್ಟಡಕ್ಕೆ ಹೋಯಿತು, ಎಂಬತ್ತರ ದಶಕದಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್ಕೂ ಬಾಗಿಲು ಹಾಕಿತು. 1960ರಲ್ಲಿ ಸುಮಾರು 1,25,000 ಜನ ಇದ್ದ ಬಡಾವಣೆಯಲ್ಲಿ 1990ಕ್ಕೆ ಉಳಿದವರು 47,000.

ಮೂರು ಜನ ಇದ್ದ ಕಡೆ ಇಬ್ಬರು ಹೋದರು ಅಂತ ಲೆಕ್ಕ. ಖಾಲಿಯಾದ ಮನೆಗಳು ಬಿದ್ದವು, ಸುಟ್ಟವು, ಕೆಲವನ್ನು ಕೆಡವಿದರು. ಬೀದಿಯಲ್ಲಿ ಒಂದು ಮನೆ, ಆಮೇಲೆ ಎರಡು ಖಾಲಿ ಸೈಟು, ಮತ್ತೆ ಒಂದು ಮನೆ. ಖಾಲಿ ಜಾಗದಲ್ಲಿ ಎತ್ತರಕ್ಕೆ ಬೆಳೆದ ಹುಲ್ಲು, ಮೂಲೆಯಲ್ಲಿ ಡ್ರಗ್ಸ್ ಮಾರುವ ಹುಡುಗರು. ತರಕಾರಿ ಕೊಳ್ಳಲು ಹತ್ತಿರದಲ್ಲಿ ಅಂಗಡಿ ಇಲ್ಲ, ಕೂತು ಕಾಫಿ ಕುಡಿಯಲು ಜಾಗ ಇಲ್ಲ. ಹೀಗಿರುವಾಗ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಯಾವ ಕೆಲಸಕ್ಕೆ ಹೊರಗೆ ಹೋಗಬೇಕು, ಯಾವ ಧೈರ್ಯದ ಮೇಲೆ ಹೋಗಬೇಕು ಹೇಳಿ? ಜಾಣರಾದವರು ಒಳಗೇ ಇದ್ದರು. ಬಾಗಿಲಿಗೆ ಎರಡು ಬೀಗ, ಕಿಟಕಿಗೆ ಮೊಳೆ, ಅಪರಿಚಿತರು ತಟ್ಟಿದರೆ ಉತ್ತರ ಇಲ್ಲ. ವರ್ಷದ ಮುನ್ನೂರ ಅರವತ್ತು ದಿನ ಅವರನ್ನು ಉಳಿಸಿದ ಅಭ್ಯಾಸ ಇದು, ಆ ನಾಲ್ಕೈದು ದಿನ ಅದೇ ಕೊಂದಿತು. ಇದನ್ನು ಅಲಕ್ಷ್ಯ ಅನ್ನುವವರು ಆ ಬೀದಿಯಲ್ಲಿ ಸಂಜೆ ಏಳರ ಮೇಲೆ ನಡೆದಿರಲಾರರು.

ದಕ್ಷಿಣ ಲಾಂಡೇಲ್‌ನಲ್ಲಿ ಉಲ್ಟಾ. ಅಲ್ಲಿಯೂ ಹಳೆಯ ಬಿಳಿಯ ಕುಟುಂಬಗಳು, ಹೆಚ್ಚಾಗಿ ಚೆಕ್ ಮತ್ತು ಪೋಲಿಷ್ ಮೂಲದವರು, ಊರು ಬಿಟ್ಟವು. ಆದರೆ ಅವರ ಜಾಗಕ್ಕೆ ಮೆಕ್ಸಿಕೋದಿಂದ ಜನ ಬರುತ್ತಲೇ ಇದ್ದರು, 1990ರ ಹೊತ್ತಿಗೆ 81,000 ಆದರು. 26ನೇ ಬೀದಿ ಅಂದರೆ ಬೆಳಗ್ಗಿನಿಂದ ರಾತ್ರಿವರೆಗೆ ಅಂಗಡಿ, ಬೇಕರಿ, ತಳ್ಳುಗಾಡಿ, ಐಸ್‌ಕ್ಯಾಂಡಿ, ಮಕ್ಕಳನ್ನು ಎಳೆದುಕೊಂಡು ಹೋಗುವ ತಾಯಂದಿರು. ಬಡತನ ಇತ್ತು, ಗ್ಯಾಂಗುಗಳೂ ಇದ್ದವು, ಸ್ವರ್ಗ ಏನಲ್ಲ. ಆದರೂ ಫುಟ್‌ಪಾತ್ ಮೇಲೆ ಸದಾ ಜನ. ನಮ್ಮ ಹಳ್ಳಿಗಳಲ್ಲಿ ಅರಳಿಕಟ್ಟೆ ಮಾಡುವ ಕೆಲಸವನ್ನು ಅಲ್ಲಿ ಆ ಅಂಗಡಿ ಸಾಲು ಮಾಡುತ್ತಿತ್ತು: ದಿನಾ ಕಾಣುವ ಮುಖ ಎರಡು ದಿನ ಕಾಣದಿದ್ದರೆ ಯಾರಾದರೂ ವಿಚಾರಿಸುತ್ತಿದ್ದರು. ಸೆಕೆಯ ದಿನಗಳಲ್ಲಿ ವೃದ್ಧರು ಹೊರಗೆ ಬಂದರು, ಏಸಿ ಇದ್ದ ಅಂಗಡಿಗಳಲ್ಲಿ ಏನೂ ಕೊಳ್ಳದೆ ಸುಮ್ನೆ ಅಡ್ಡಾಡಿದರು. ಆರೋಗ್ಯ ಇಲಾಖೆಯ ಯಾವ ಸಲಹೆಯೂ ಇದಕ್ಕೆ ಬೇಕಾಗಲಿಲ್ಲ. ಸಾಮಾನಿಗೆ ದಿನಾ ಹೋಗುತ್ತಿದ್ದ ದಾರಿಯಲ್ಲೇ ಹೋದರು, ಅಷ್ಟೇ.

ಹಾಗಾದರೆ ಇದು ಮೆಕ್ಸಿಕನ್ ಕುಟುಂಬ ಪದ್ಧತಿಯ ಪುಣ್ಯವೇ?

ಆಗ ಬಹಳ ಜನ ಹೀಗೇ ಹೇಳಿದರು. ಚಿಕಾಗೋದ ಜನರಲ್ಲಿ ಸುಮಾರು ನಾಲ್ಕನೇ ಒಂದು ಪಾಲು ಲ್ಯಾಟಿನೋ, ಅಂದರೆ ಮೆಕ್ಸಿಕೋ ಮತ್ತಿತರ ಲ್ಯಾಟಿನ್ ಅಮೆರಿಕ ದೇಶಗಳ ಮೂಲದವರು, ಸೆಕೆಗೆ ಸತ್ತವರಲ್ಲಿ ಅವರ ಪಾಲು ಶೇಕಡಾ 2 ಮಾತ್ರ. ಕೂಡುಕುಟುಂಬ, ದೊಡ್ಡವರನ್ನು ನೋಡಿಕೊಳ್ಳುವ ಸಂಸ್ಕೃತಿ, ಹೀಗೆಲ್ಲ. ನಮ್ಮಲ್ಲೂ ಈ ವಿವರಣೆ ಯಾರಿಗಾದರೂ ತಕ್ಷಣ ಹಿಡಿಸುತ್ತದೆ, ಅಲ್ವಾ? ಮನೆಯವರ ಆಸರೆ ಸುಳ್ಳಲ್ಲ. ಆದರೆ ಲಿಟಲ್ ವಿಲೇಜ್‌ನಲ್ಲಿ ಉಳಿದುಕೊಂಡಿದ್ದ ಹಳೆಯ ಚೆಕ್, ಪೋಲಿಷ್ ಮುದುಕರು ಒಂಟಿಯಾಗಿದ್ದವರು, ಮಕ್ಕಳು ದೂರದ ಉಪನಗರಗಳಲ್ಲಿ, ಅಕ್ಕಪಕ್ಕದವರ ಭಾಷೆಯೂ ಬಾರದು. ಅವರೂ ಬದುಕುಳಿದರು. ಅವರಿಗೆ ಆಸರೆಯಾದದ್ದು ಯಾರ ಕುಟುಂಬವೂ ಅಲ್ಲ, ಬೀದಿ.

ಇದಕ್ಕಿಂತ ಗಟ್ಟಿ ಉತ್ತರ ನಗರದ ದಕ್ಷಿಣ ಭಾಗದಲ್ಲಿ ಸಿಗುತ್ತದೆ. ಎಂಗಲ್‌ವುಡ್ ಮತ್ತು ಆಬರ್ನ್ ಗ್ರೆಶಮ್ ಅಕ್ಕಪಕ್ಕದ ಬಡಾವಣೆಗಳು, ಎರಡರಲ್ಲೂ ಇರುವವರು ಬಹುಪಾಲು ಕಪ್ಪು ಜನರೇ, ವೃದ್ಧರೂ ಬಡವರೂ ಎರಡರಲ್ಲೂ ಇದ್ದಾರೆ. 1995ರ ಆ ವಾರ ಎಂಗಲ್‌ವುಡ್‌ನಲ್ಲಿ ಲಕ್ಷಕ್ಕೆ 33 ಸಾವು, ಆಬರ್ನ್ ಗ್ರೆಶಮ್‌ನಲ್ಲಿ ಲಕ್ಷಕ್ಕೆ 3. ಜನಾಂಗದ ಲೆಕ್ಕ, ಸಂಸ್ಕೃತಿಯ ಲೆಕ್ಕ ಎರಡೂ ಇಲ್ಲಿ ಕೆಲಸ ಮಾಡುವುದಿಲ್ಲ. ಎಂಗಲ್‌ವುಡ್ ಖಾಲಿಯಾಗಿತ್ತು. ಆಬರ್ನ್ ಗ್ರೆಶಮ್‌ನಲ್ಲಿ ಜನ ಉಳಿದಿದ್ದರು, ಅಂಗಡಿ, ಚರ್ಚು, ಬೀದಿ ಸಂಘಗಳು ಉಳಿದಿದ್ದವು. ಲಾಂಡೇಲ್ ಜೋಡಿಗಿಂತ ಈ ಜೋಡಿಯೇ ಹೆಚ್ಚು ಒಪ್ಪಿಗೆಯಾಗುವಂಥದ್ದು ಅನ್ನುವುದು ನನ್ನ ಅಭಿಪ್ರಾಯ, ಪ್ರಸಿದ್ಧಿ ಮಾತ್ರ ಲಾಂಡೇಲ್ ಜೋಡಿಗೆ ಬಂತು.

ಆಕ್ಷೇಪಗಳು ಇಲ್ಲದೆ ಇಲ್ಲ, ಮತ್ತು ಅವನ್ನು ಹಾರಿಸಿ ಹೋದರೆ ಪ್ರಕರಣ ಅರ್ಧ ಆದಂತೆ. ಮೊದಲನೆಯದು ಯಾರಿಗಾದರೂ ಹೊಳೆಯುವಂಥದ್ದು. 19 ಮತ್ತು 3 ಅನ್ನುವುದು ಸಣ್ಣ ಸಂಖ್ಯೆಗಳು. ವ್ಯತ್ಯಾಸ ಬರೀ ಆಕಸ್ಮಿಕ ಅನ್ನುವುದು ಕಷ್ಟ, ಆದರೆ ಇಷ್ಟರ ಮೇಲೆ ದೊಡ್ಡ ಸಿದ್ಧಾಂತ ಕಟ್ಟುವಾಗ ಕೈ ನಡುಗಬೇಕು. ಎರಡನೆಯದು ಇನ್ನೂ ಚುರುಕಾದದ್ದು. ಮಿಚೆಲ್ ಡುನಿಯರ್ ಎಂಬ ಇನ್ನೊಬ್ಬ ಸಮಾಜಶಾಸ್ತ್ರಜ್ಞ ಸತ್ತವರ ವಿಳಾಸ ಹುಡುಕಿಕೊಂಡು ಹೋದರು, ಅವರನ್ನು ಬಲ್ಲವರನ್ನು ಮಾತಾಡಿಸಿದರು. ಸತ್ತವರಲ್ಲಿ ಹಲವರು ಬಾಗಿಲು ಹಾಕಿಕೊಂಡು ಕೂತ ಒಂಟಿ ಮುದುಕರ ಚಿತ್ರಕ್ಕೆ ಹೊಂದುತ್ತಲೇ ಇರಲಿಲ್ಲ. ಬಡಾವಣೆ ಹೀಗಿದೆ, ಅಲ್ಲಿ ಸಾವು ಜಾಸ್ತಿ, ಅಂದಮೇಲೆ ಸತ್ತವರೆಲ್ಲ ಬಡಾವಣೆ ಹೀಗಿದ್ದ ಕಾರಣಕ್ಕೇ ಸತ್ತರು ಎಂದು ಜಿಗಿಯಬಾರದು ಎಂಬುದು ಅವರ ತಕರಾರು. ನ್ಯಾಯವಾದ ತಕರಾರೇ. ಕ್ಲೈನೆನ್‌ಬರ್ಗ್ ಅದಕ್ಕೆ ಉತ್ತರ ಕೊಟ್ಟರು, 2006ರವರೆಗೂ ವಾದ ನಡೆಯಿತು.

ಅದೇ 2006ರಲ್ಲಿ ಸಮಾಜಶಾಸ್ತ್ರಜ್ಞ ಕ್ರಿಸ್ಟೋಫರ್ ಬ್ರೌನಿಂಗ್ ಮತ್ತು ಜೊತೆಗಾರರು ಎರಡೇ ಬಡಾವಣೆ ಬಿಟ್ಟು ಇಡೀ ಚಿಕಾಗೋದ ಲೆಕ್ಕ ಹಾಕಿದರು. ಅಂಗಡಿ ಬೀದಿಗಳು ಹಾಳುಬಿದ್ದ ಬಡಾವಣೆಗಳಲ್ಲಿ 1995ರ ಸೆಕೆಯ ಸಾವು ಜಾಸ್ತಿ ಎಂದು ಕಂಡುಬಂತು. ಹಿಂದಿನ ವರ್ಷಗಳ ಜುಲೈನಲ್ಲಿ, ಅಂದರೆ ಅಂಥ ಸೆಕೆ ಇಲ್ಲದಾಗ, ಈ ನಂಟು ಕಾಣಲಿಲ್ಲ. ನನಗೆ ಇಲ್ಲಿ ಕುತೂಹಲ ಅನಿಸಿದ್ದು ಬೇರೆಯೇ. ಅಕ್ಕಪಕ್ಕದವರ ಒಗ್ಗಟ್ಟು, ಪರಸ್ಪರ ನಂಬಿಕೆ ಇತ್ಯಾದಿಗಳನ್ನೂ ಅವರು ಅಳೆದಿದ್ದರು, ಅದರಿಂದ ನೇರವಾದ ವ್ಯತ್ಯಾಸ ಕಾಣಲಿಲ್ಲ. ಎದ್ದು ಕಂಡದ್ದು ಅಂಗಡಿ ಬೀದಿಯ ಸ್ಥಿತಿ. ‘ನೆರೆಹೊರೆಯವರು ಪ್ರೀತಿಯಿಂದ ಇರಿ’ ಎಂದು ಭಾಷಣ ಮಾಡುವವರಿಗೆ ಇದು ಅಷ್ಟೇನೂ ರುಚಿಸಲಿಕ್ಕಿಲ್ಲ. ಪ್ರೀತಿ ಇದ್ದರೂ ಇರದಿದ್ದರೂ, ನಡೆದು ಹೋಗುವಷ್ಟು ದೂರದಲ್ಲಿ ತೆರೆದ ಬಾಗಿಲಿನ ಕಿರಾಣಿ ಅಂಗಡಿ ಬೇಕು.

ಆಮೇಲೆ

ವಾರಸುದಾರರು ಬಾರದ 41 ದೇಹಗಳನ್ನು ಆಗಸ್ಟ್ ತಿಂಗಳಲ್ಲಿ ಕೌಂಟಿಯವರೇ ಒಂದೇ ಉದ್ದನೆಯ ಗುಂಡಿಯಲ್ಲಿ ಮಣ್ಣು ಮಾಡಿದರು. ನಗರಸಭೆ ಪಾಠ ಕಲಿಯಲಿಲ್ಲ ಅನ್ನುವಂತಿಲ್ಲ. 1999ರಲ್ಲಿ ಮತ್ತೆ ಅಂಥದ್ದೇ ಸೆಕೆ ಬಂದಾಗ ಮೊದಲೇ ಎಚ್ಚರಿಕೆ ಕೊಟ್ಟರು, ತಂಪು ಕೇಂದ್ರಗಳನ್ನು ತೆರೆದರು, ಅಲ್ಲಿಗೆ ಉಚಿತ ಬಸ್ ಬಿಟ್ಟರು, ಒಂಟಿ ವೃದ್ಧರಿಗೆ ಫೋನ್ ಮಾಡಿದರು, ಪೊಲೀಸರನ್ನು ಮನೆಮನೆಗೆ ಕಳಿಸಿದರು. ಸಾವು 110ರ ಸುಮಾರಿಗೆ ಇಳಿಯಿತು. ದೊಡ್ಡ ಸಾಧನೆಯೇ ಸರಿ. ಆದರೆ ಇದೆಲ್ಲ ಸೆಕೆ ಬಂದ ದಿನ ಮಾಡುವ ಕೆಲಸ. ಉತ್ತರ ಲಾಂಡೇಲ್‌ಗೆ ಅಂಗಡಿ ಬೀದಿಯನ್ನು ವಾಪಸ್ ತರುವುದು ಯಾವ ಬಿಸಿಗಾಳಿ ಯೋಜನೆಯ ಪುಟದಲ್ಲೂ ಬರುವುದಿಲ್ಲ. 2020ರ ಜನಗಣತಿಯಲ್ಲಿ ಅಲ್ಲಿನ ಜನಸಂಖ್ಯೆ ಇನ್ನೂ ಇಳಿದು 35,000ದ ಹತ್ತಿರ ಬಂದಿದೆ.

ನಮ್ಮ ದೇಶದಲ್ಲಿ 2010ರ ಮೇ ತಿಂಗಳ ಸೆಕೆಗೆ ಅಹಮದಾಬಾದ್‌ನಲ್ಲಿ ಮಾಮೂಲಿಗಿಂತ 1,344 ಜನ ಹೆಚ್ಚು ಸತ್ತರು. ಅದಾದ ಮೇಲೆ 2013ರಲ್ಲಿ ಆ ನಗರ ಬಿಸಿಗಾಳಿ ಕ್ರಿಯಾಯೋಜನೆ ಮಾಡಿತು, ದಕ್ಷಿಣ ಏಷ್ಯಾದಲ್ಲೇ ಮೊದಲನೆಯದು. ಕರ್ನಾಟಕದಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ಸಮಯವನ್ನು ಏಪ್ರಿಲ್, ಮೇನಲ್ಲಿ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವುದು ವಾಡಿಕೆ, ಮತ್ತು ಮಧ್ಯಾಹ್ನ ಮನೆಯಿಂದ ಹೊರಗೆ ಬರಬೇಡಿ ಎಂಬ ಪ್ರಕಟಣೆ ಪ್ರತಿ ಬೇಸಿಗೆಯಲ್ಲೂ ಬರುತ್ತದೆ. ಹೊಲದಲ್ಲಿ, ಕಟ್ಟಡದ ಕೆಲಸದಲ್ಲಿ ಬಿಸಿಲಿಗೆ ಬೀಳುವವರಿಗೆ ಇದು ಸರಿಯಾದ ಸಲಹೆ. ತಗಡಿನ ಮನೆಯಲ್ಲಿ ಒಬ್ಬರೇ ಇರುವ ಮುದುಕರಿಗೆ ಮಧ್ಯಾಹ್ನ ಎರಡು ಗಂಟೆಗೆ ‘ಮನೆಯಲ್ಲೇ ಇರಿ’ ಅನ್ನುವುದು ಚಿಕಾಗೋದ ಮೇಲಂತಸ್ತಿನವರಿಗೆ ಹೇಳಿದ ಹಾಗೆಯೇ. ಅವರಿಗೆ ಬೇಕಾದದ್ದು ನಡೆದು ಹೋಗುವಷ್ಟು ಹತ್ತಿರದಲ್ಲಿ ನೆರಳು, ಫ್ಯಾನು, ಕುಡಿಯುವ ನೀರು ಇರುವ ಒಂದು ಜಾಗ. ದೇವಸ್ಥಾನದ ಪಡಸಾಲೆ, ಗ್ರಂಥಾಲಯ, ಸಮುದಾಯ ಭವನ, ಯಾವುದಾದರೂ ಆದೀತು, ಮಧ್ಯಾಹ್ನ ಬೀಗ ಹಾಕದಿದ್ದರೆ.